ಚಳಿಗಾಲದ ಹಗೇವು



ಯುರೋಪಿನ ಮನೆಗಳು ಜನವರಿಯಲ್ಲಿ ಬೆಚ್ಚಗಿರುತ್ತವೆಯೋ ಇಲ್ಲವೋ ಎಂಬುದು ಅದಕ್ಕೂ ಹಿಂದಿನ ಜೂನ್, ಜುಲೈ ತಿಂಗಳಲ್ಲೇ ಬಹುಪಾಲು ಇತ್ಯರ್ಥವಾಗಿರುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆ ಖಂಡ ತನ್ನ ನೆಲದಡಿಗೆ ನೈಸರ್ಗಿಕ ಅನಿಲ ತುಂಬಿಕೊಳ್ಳುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅದನ್ನು ಹೊರತೆಗೆದು ಉರಿಸುತ್ತದೆ. ಈ ತುಂಬುವ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ, ಕೆಟ್ಟಾಗ ಅದರ ಬೆಲೆ ತೆರುವವರು ಯಾರು ಎಂಬುದು ಇವತ್ತಿನ ನನ್ನ ವಿಷಯ. ಹಿಮವನ್ನೇ ಕಾಣದ ನಮ್ಮ ಊರಿನಲ್ಲಿ ಈ ಮಾತು ಏಕೆ ಎಂದು ನಿಮಗೆ ಅನಿಸಬಹುದು. ಉತ್ತರಕ್ಕೆ ಸ್ವಲ್ಪ ಕಾಯಬೇಕು.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್. ಒಂದಿಷ್ಟು ಒತ್ತಡ ಕೊಟ್ಟರೆ ಅದು ದ್ರವವಾಗುತ್ತದೆ, ಸೈಕಲ್ಲಿನ ಮೇಲೂ ಸಾಗಿಸಬಹುದು. ನೈಸರ್ಗಿಕ ಅನಿಲ ಬಹುಪಾಲು ಮಿಥೇನ್. ಅದು ದ್ರವವಾಗಬೇಕಾದರೆ ಸೊನ್ನೆಗಿಂತ 162 ಡಿಗ್ರಿ ಕೆಳಕ್ಕೆ ತಣಿಯಬೇಕು. ತಣಿದಾಗ ಗಾತ್ರ ಸುಮಾರು 600 ಪಟ್ಟು ಕುಗ್ಗುತ್ತದೆ, ಹಡಗಿಗೆ ತುಂಬಬಹುದು. ಅದೇ ಎಲ್‌ಎನ್‌ಜಿ. ಇಲ್ಲವಾದರೆ ಕೊಳವೆಯೇ ಗತಿ. ತೈಲವನ್ನು ಡ್ರಮ್ಮಿನಲ್ಲೋ ಲಾರಿಯಲ್ಲೋ ಸಾಗಿಸಿ ಹೇಗೋ ದಿನ ದೂಡಬಹುದು. ಮಿಥೇನ್ ತನ್ನ ದಾರಿ ಬಿಟ್ಟು ಕದಲುವುದಿಲ್ಲ. ಹಾಗಾಗಿ ಅನಿಲದ ರಾಜಕೀಯವೆಲ್ಲ ದಾರಿಯ ರಾಜಕೀಯ.

ಬಯಲುಸೀಮೆಯ ಹಿರಿಯರಿಗೆ ಹಗೇವು ಗೊತ್ತು. ಸುಗ್ಗಿಯಲ್ಲಿ ನೆಲದಡಿಯ ಗುಂಡಿಗೆ ಜೋಳ ಸುರಿದು, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಮಳೆ ಕೈಕೊಟ್ಟ ವರ್ಷ ತೆಗೆಯುತ್ತಿದ್ದರು. ಯುರೋಪಿನ ಅನಿಲ ಸಂಗ್ರಹವೂ ಇದೇ ಲೆಕ್ಕ. ಹಿಂದೆ ಅನಿಲ ತೆಗೆದು ಬರಿದಾದ ಭೂಪದರಗಳಿಗೆ, ಉಪ್ಪಿನ ಪದರದಲ್ಲಿ ಕೊರೆದ ಗವಿಗಳಿಗೆ ಕಂಪ್ರೆಸರುಗಳಿಂದ ಅನಿಲವನ್ನು ಒತ್ತಿ ತುಂಬುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ ಇಂಥ ಸಂಗ್ರಹಾಗಾರಗಳ ಒಟ್ಟು ಸಾಮರ್ಥ್ಯ ಸುಮಾರು 10,000 ಕೋಟಿ ಘನ ಮೀಟರ್. 2021ರಲ್ಲಿ ಒಕ್ಕೂಟದ ವರ್ಷದ ಬಳಕೆ ಸುಮಾರು 40,000 ಕೋಟಿ ಘನ ಮೀಟರ್ ಇತ್ತು. ಜರ್ಮನಿಯ ಅರ್ಧದಷ್ಟು ಮನೆಗಳು ಅನಿಲದಿಂದಲೇ ಬೆಚ್ಚಗಾಗುತ್ತವೆ. ಒಕ್ಕೂಟದಲ್ಲಿ ಚಳಿಗಾಲದಲ್ಲಿ ಉರಿಯುವ ಅನಿಲದ ಕಾಲು ಭಾಗಕ್ಕಿಂತ ಹೆಚ್ಚು ಈ ನೆಲದಡಿಯಿಂದಲೇ ಬರುತ್ತದೆ.

ಒಂದು ವ್ಯತ್ಯಾಸವಿದೆ, ಅದು ಮುಖ್ಯ. ಹಗೇವಿನಲ್ಲಿ ಅರ್ಧ ಜೋಳ ಉಳಿದಿದ್ದರೆ ಅರ್ಧ ಊಟ ಉಳಿದಿದೆ ಎಂದೇ ಅರ್ಥ. ಅನಿಲಕ್ಕೆ ಆ ಮಾತು ಹೊಂದುವುದಿಲ್ಲ. ತೆಗೆದಂತೆಲ್ಲ ಒಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಂತೆ ದಿನಕ್ಕೆ ಹೊರಬರುವ ಪ್ರಮಾಣವೂ ಇಳಿಯುತ್ತದೆ. ತಳದಲ್ಲಿ ಒಂದಷ್ಟು ಅನಿಲವನ್ನು ಎಂದೂ ಮುಟ್ಟುವ ಹಾಗಿಲ್ಲ, ಒತ್ತಡ ಕಾಯಲು ಅದು ಅಲ್ಲೇ ಇರಬೇಕು. ಆದ್ದರಿಂದ ಅನಿಲ ಸಂಗ್ರಹ ನೋಡಿಕೊಳ್ಳುವವರಿಗೆ ಭಯ ಡಿಸೆಂಬರಿನ ಚಳಿಯದ್ದಲ್ಲ, ಫೆಬ್ರವರಿಯ ಕೊನೆಯಲ್ಲಿ ಬರುವ ಚಳಿಯದ್ದು. ಸಂಗ್ರಹಾಗಾರ ಶೇ. 30 ತುಂಬಿದೆ ಎಂದು ಪತ್ರಿಕೆ ಬರೆಯುತ್ತದೆ. ಅವತ್ತು ಊರಿಗೆ ಬೇಕಾದಷ್ಟು ಅನಿಲ ಅವತ್ತೇ ಹೊರಗೆ ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಈ ಎರಡನೆಯ ಪ್ರಶ್ನೆಯನ್ನು ಮಂತ್ರಿಗಳು ಕೇಳುವುದು ಅಪರೂಪ.

ಇತಿಹಾಸವನ್ನು ಚುಟುಕಾಗಿ ಹೇಳುತ್ತೇನೆ. 1959ರಲ್ಲಿ ನೆದರ್ಲೆಂಡ್ಸಿನ ಸ್ಲೋಕ್ಟರೆನ್ ಎಂಬ ಹಳ್ಳಿಯ ಬಳಿ ಗ್ರೋನಿಂಗೆನ್ ಅನಿಲ ಕ್ಷೇತ್ರ ಸಿಕ್ಕಿತು. ಪಶ್ಚಿಮ ಯುರೋಪ್ ಕಲ್ಲಿದ್ದಲಿನ ಒಲೆ ಬಿಟ್ಟು ಅನಿಲಕ್ಕೆ ತಿರುಗಿದ್ದಕ್ಕೆ ಅದು ದೊಡ್ಡ ಕಾರಣ. 1970ರಲ್ಲಿ ಪಶ್ಚಿಮ ಜರ್ಮನಿ ಸೋವಿಯತ್ ಒಕ್ಕೂಟಕ್ಕೆ ದೊಡ್ಡ ಉಕ್ಕಿನ ಕೊಳವೆಗಳನ್ನು ಕೊಟ್ಟು ಪ್ರತಿಯಾಗಿ ಅನಿಲ ಪಡೆಯುವ ಒಪ್ಪಂದ ಮಾಡಿಕೊಂಡಿತು. 1973ರಲ್ಲಿ ಅನಿಲ ಹರಿಯಿತು. ಶೀತಲ ಸಮರದ ಉದ್ದಕ್ಕೂ ಅದು ನಿಲ್ಲಲಿಲ್ಲ. ಇದರಿಂದ ಜರ್ಮನಿಯ ಒಂದಿಡೀ ತಲೆಮಾರಿಗೆ ಮಾಸ್ಕೋ ಎಂಥ ಕಾಲದಲ್ಲೂ ನಂಬಬಹುದಾದ ವ್ಯಾಪಾರಿ ಎಂಬ ನಂಬಿಕೆ ಬೇರೂರಿತು. ಇತ್ತ ಗ್ರೋನಿಂಗೆನ್‌ನಲ್ಲಿ ಅನಿಲ ತೆಗೆದಷ್ಟೂ ನೆಲ ಕುಸಿದು ಭೂಕಂಪಗಳಾದವು. 2012ರಲ್ಲಿ ಹೌಸಿಂಗೆ ಎಂಬಲ್ಲಿ 3.6 ತೀವ್ರತೆಯ ಕಂಪನವಾದ ಮೇಲೆ ಉತ್ಪಾದನೆಯನ್ನು ಇಳಿಸುತ್ತ ಬಂದರು. 2023ರ ಅಕ್ಟೋಬರ್ 1ರಂದು ನಿಲ್ಲಿಸಿಯೇ ಬಿಟ್ಟರು. ಯುರೋಪಿನ ಸ್ವಂತ ಬಾವಿ ಬತ್ತುತ್ತಿದ್ದ ಕಾಲಕ್ಕೇ ಹೊರಗಿನ ದಾರಿಯೂ ಕೈಕೊಟ್ಟಿತು.

ಹಾಗೆ ಕೈಕೊಡಬಹುದು ಎಂಬುದು ಮೊದಲು ಅನುಭವಕ್ಕೆ ಬಂದದ್ದು ಮಾತ್ರ ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋದ 2022ರಲ್ಲಲ್ಲ. 2009ರ ಜನವರಿ ನನಗೆ 2022ಕ್ಕಿಂತ ಹೆಚ್ಚು ಪಾಠ ಹೇಳುವ ತಿಂಗಳಾಗಿ ಕಾಣುತ್ತದೆ, ಅದಕ್ಕೇ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ರಷ್ಯಾ ಮತ್ತು ಉಕ್ರೇನ್ ನಡುವೆ ಬೆಲೆ ಮತ್ತು ಬಾಕಿಯ ಜಗಳ. ಜನವರಿ 7ರ ಹೊತ್ತಿಗೆ ಉಕ್ರೇನಿನ ಮೂಲಕ ಯುರೋಪಿಗೆ ಹೋಗುತ್ತಿದ್ದ ಅನಿಲ ಪೂರ್ತಿ ನಿಂತಿತು. ಮತ್ತೆ ಹರಿದದ್ದು 20ರಂದು. ಬಲ್ಗೇರಿಯ ತನ್ನ ಅನಿಲವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಇದೊಂದೇ ದಾರಿಯಿಂದ ಪಡೆಯುತ್ತಿತ್ತು. ಅದರ ಬಳಿ ಚಿರೆನ್ ಎಂಬಲ್ಲಿ ಒಂದು ಸಂಗ್ರಹಾಗಾರವಿತ್ತು, ಅದರಲ್ಲಿ ಅನಿಲವೂ ಇತ್ತು. ಆದರೆ ದಿನಕ್ಕೆ ಹೊರತೆಗೆಯಬಹುದಾದದ್ದು ಚಳಿಗಾಲದ ಒಂದು ದಿನದ ಬೇಡಿಕೆಯ ಅರ್ಧಕ್ಕೂ ಸಾಲುತ್ತಿರಲಿಲ್ಲ. ಸ್ಲೊವಾಕಿಯದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು, ಕಾರ್ಖಾನೆಗಳು ನಿಂತವು. ಐರೋಪ್ಯ ಒಕ್ಕೂಟ ಸೇರುವಾಗ ಕೊಟ್ಟ ಮಾತಿನಂತೆ ಕೆಲವೇ ದಿನಗಳ ಹಿಂದೆ ಮುಚ್ಚಿದ್ದ ಬೊಹುನಿತ್ಸೆಯ ಹಳೆಯ ಅಣು ರಿಯಾಕ್ಟರನ್ನು ಮತ್ತೆ ಚಾಲೂ ಮಾಡುತ್ತೇವೆ ಎಂದು ಅಲ್ಲಿನ ಸರ್ಕಾರ ಹೇಳಿತು. ಕೊನೆಗೆ ಮಾಡಲಿಲ್ಲ.

ವಿಚಿತ್ರವೆಂದರೆ ಅದೇ ಹೊತ್ತಿಗೆ ಜರ್ಮನಿಯ ಸಂಗ್ರಹಾಗಾರಗಳಲ್ಲಿ ಸಾಕಷ್ಟು ಅನಿಲವಿತ್ತು, ಪಶ್ಚಿಮದವರು ಕೊಡಲು ಸಿದ್ಧರೂ ಇದ್ದರು. ಕೊಳವೆಗಳೂ ಇದ್ದವು. ಆದರೆ ಅವುಗಳನ್ನು ಕಟ್ಟಿದ್ದು ಪೂರ್ವದಿಂದ ಪಶ್ಚಿಮಕ್ಕೆ ಹರಿಸಲು. ದಾರಿಯುದ್ದಕ್ಕೂ ಇರುವ ಕಂಪ್ರೆಸರ್ ಕೇಂದ್ರಗಳು ಒಂದೇ ದಿಕ್ಕಿಗೆ ತಳ್ಳುತ್ತವೆ. ವಾಲ್ವ್, ಮೀಟರ್ ಎಲ್ಲವೂ ಆ ದಿಕ್ಕಿಗೇ ಕೂರಿಸಿದವು. ಸ್ಲೊವಾಕಿಯ ಮತ್ತು ಚೆಕ್ ಎಂಜಿನಿಯರುಗಳು ಹೇಗೋ ಜೋಡಣೆ ಬದಲಿಸಿ ಪಶ್ಚಿಮದಿಂದ ಅನಿಲ ತರಿಸುವ ಹೊತ್ತಿಗೆ ಹತ್ತು ದಿನ ದಾಟಿತ್ತು. ಈ ಅನುಭವದಿಂದ 2010ರಲ್ಲಿ ಐರೋಪ್ಯ ಒಕ್ಕೂಟದಲ್ಲಿ ಒಂದು ಕಾನೂನು ಬಂತು: ಗಡಿ ದಾಟುವ ಕೊಳವೆಗಳು ಎರಡೂ ದಿಕ್ಕಿಗೆ ಹರಿಯುವಂತಿರಬೇಕು, ಅತಿ ದೊಡ್ಡ ಒಂದು ದಾರಿ ಮುಚ್ಚಿದರೂ ಉಳಿದವುಗಳಿಂದ ದೇಶ ಉಸಿರಾಡಬೇಕು. ಓದಲು ಸಪ್ಪೆಯಾದ ಕಾನೂನು. ಆದರೆ 2014ರ ಸೆಪ್ಟೆಂಬರಿನಿಂದ ಸ್ಲೊವಾಕಿಯ ಉಕ್ರೇನಿಗೇ ಹಿಮ್ಮುಖವಾಗಿ ಅನಿಲ ಕಳಿಸಲಾರಂಭಿಸಿತು. 2015ರ ನವೆಂಬರಿನ ನಂತರ ಉಕ್ರೇನ್ ರಷ್ಯಾದಿಂದ ನೇರವಾಗಿ ಅನಿಲ ಕೊಳ್ಳುವುದನ್ನೇ ಬಿಟ್ಟಿತು. ಒಂದು ದೇಶದ ವಿದೇಶಾಂಗ ನೀತಿ ಕಂಪ್ರೆಸರಿನ ದಿಕ್ಕಿನಿಂದ ಬದಲಾಗುವುದು ಹೀಗೆ.

ಜರ್ಮನಿ 2009ರ ಆ ಪಾಠವನ್ನು ತನ್ನ ನೆರೆಯವರಿಗೆ ಸಂಬಂಧಿಸಿದ್ದು ಎಂದುಕೊಂಡಿತು. 2011ರಲ್ಲಿ ಬಾಲ್ಟಿಕ್ ಸಮುದ್ರದಡಿ ನಾರ್ಡ್ ಸ್ಟ್ರೀಮ್ ಕೊಳವೆ ಶುರುವಾಯಿತು. ವರ್ಷಕ್ಕೆ 5,500 ಕೋಟಿ ಘನ ಮೀಟರ್, ನಡುವೆ ಉಕ್ರೇನಿನ ಗೊಡವೆಯಿಲ್ಲ. 2015ರಲ್ಲಿ, ಅಂದರೆ ರಷ್ಯಾ ಕ್ರಿಮಿಯವನ್ನು ವಶಪಡಿಸಿಕೊಂಡ ಮರುವರ್ಷ, ರೇಡೆನ್ ಎಂಬಲ್ಲಿರುವ ಜರ್ಮನಿಯ ಅತಿ ದೊಡ್ಡ ಸಂಗ್ರಹಾಗಾರ ಆಸ್ತಿ ವಿನಿಮಯದ ಒಪ್ಪಂದದಲ್ಲಿ ರಷ್ಯಾದ ಅನಿಲ ಕಂಪನಿ ಗಾಜ್‌ಪ್ರೋಮ್ ಕೈಸೇರಿತು. ಕಾನೂನಿನ ದೃಷ್ಟಿಯಲ್ಲಿ ತಪ್ಪೇನಿರಲಿಲ್ಲ. ಊರಿನ ಹಗೇವಿನ ಕೀಲಿಕೈಯನ್ನು ಊರಿಗೆ ಜೋಳ ಮಾರುವವನಿಗೇ ಕೊಟ್ಟಂತಾಯಿತು, ಅಷ್ಟೆ. 2021ರ ಬೇಸಿಗೆ ಕಳೆದರೂ ರೇಡೆನ್ ಬಹುಮಟ್ಟಿಗೆ ಖಾಲಿಯೇ ಉಳಿಯಿತು. ಬೇರೆ ಕಂಪನಿಗಳ ಸಂಗ್ರಹಾಗಾರಗಳು ತಕ್ಕಮಟ್ಟಿಗೆ ತುಂಬುತ್ತಿದ್ದವು. ಅದರ ಅರ್ಥ ಹೆಚ್ಚಿನವರಿಗೆ ಹೊಳೆದದ್ದು ಯುದ್ಧ ಶುರುವಾದ 2022ರ ಫೆಬ್ರವರಿ 24ರ ನಂತರ.

ಇದರಲ್ಲಿ ಮಾರುಕಟ್ಟೆಯ ಪಾಲೂ ಇದೆ. ಬೇಸಿಗೆಯಲ್ಲಿ ಅಗ್ಗ, ಚಳಿಗಾಲದಲ್ಲಿ ದುಬಾರಿ ಎಂಬ ಲೆಕ್ಕದ ಮೇಲೆ ವ್ಯಾಪಾರಿ ಅನಿಲ ಕೂಡಿಡುತ್ತಾನೆ. ಬೇಸಿಗೆಯ ಬೆಲೆಯೇ ಏರಿ ಕುಳಿತರೆ ಕೂಡಿಡುವುದರಲ್ಲಿ ಅವನಿಗೆ ನಷ್ಟ. ಕೊರತೆಯ ಭಯ ಹೆಚ್ಚಿದ ವರ್ಷವೇ ತುಂಬುವ ಆಸೆ ಕಡಿಮೆಯಾಗುತ್ತದೆ. ಮಾರುಕಟ್ಟೆ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬ ಮಾತನ್ನು ನಾನು ಈ ಒಂದು ವಿಷಯದಲ್ಲಿ ಒಪ್ಪಲಾರೆ. ಯುರೋಪೂ ಒಪ್ಪಲಿಲ್ಲ. 2022ರ ಜೂನಿನಲ್ಲಿ ಒಕ್ಕೂಟ ಕಾನೂನು ತಂದಿತು: ಆ ವರ್ಷ ನವೆಂಬರ್ 1ರೊಳಗೆ ಶೇ. 80, ಮುಂದಿನ ವರ್ಷಗಳಲ್ಲಿ ಶೇ. 90 ತುಂಬಲೇಬೇಕು ಎಂದು ಅದು ಆಗ ವಿಧಿಸಿತ್ತು.

ಆ ಬೇಸಿಗೆಯಲ್ಲಿ ತುಂಬಿದ ರೀತಿಯನ್ನು ನೋಡಿ. ರಷ್ಯಾ ಜೂನಿನಿಂದ ನಾರ್ಡ್ ಸ್ಟ್ರೀಮ್ ಹರಿವನ್ನು ಹಂತಹಂತವಾಗಿ ಇಳಿಸಿ ಆಗಸ್ಟ್ ಕೊನೆಗೆ ನಿಲ್ಲಿಸಿತು. ಸೆಪ್ಟೆಂಬರ್ 26ರಂದು ಬಾರ್ನ್‌ಹೋಮ್ ದ್ವೀಪದ ಬಳಿ ಸ್ಫೋಟದಲ್ಲಿ ಕೊಳವೆಗಳೇ ಒಡೆದವು. ಹಿಂದಿನ ದಶಕದಲ್ಲಿ ಮೆಗಾವಾಟ್ ಗಂಟೆಗೆ ಹೆಚ್ಚಾಗಿ 20 ಯೂರೋ ಆಸುಪಾಸಿನಲ್ಲಿದ್ದ ಬೆಲೆ, ಆಗಸ್ಟ್ 26ರಂದು ಸುಮಾರು 340 ಯೂರೋ ಮುಟ್ಟಿತು. ಆ ಬೆಲೆಗಳಲ್ಲೇ ಜರ್ಮನಿ ಸರ್ಕಾರಿ ಸಾಲದ ಬಲದಿಂದ ಕೊಂಡು ಕೊಂಡು ತುಂಬಿತು. ನವೆಂಬರ್ ಹೊತ್ತಿಗೆ ಒಕ್ಕೂಟದ ಸಂಗ್ರಹಾಗಾರಗಳು ಶೇ. 95 ತುಂಬಿದ್ದವು. ಹೆಚ್ಚು ಬೆಲೆಗೆ ಕೊಂಡು ಮುಂದೆ ಕಡಿಮೆ ಬೆಲೆಗೆ ಮಾರಿದ ನಷ್ಟ, ಸಂಗ್ರಹ ಶುಲ್ಕವೆಂಬ ಹೆಸರಿನಲ್ಲಿ ಅನಿಲದ ಬಿಲ್ಲುಗಳ ಮೇಲೆ ಕುಳಿತಿತು.

ಕೆಲಸದ ವೇಗವನ್ನು ಮೆಚ್ಚಲೇಬೇಕು. ಜರ್ಮನಿಯಲ್ಲಿ ಅಲ್ಲಿಯವರೆಗೆ ಎಲ್‌ಎನ್‌ಜಿ ಇಳಿಸುವ ಒಂದು ಟರ್ಮಿನಲ್ಲೂ ಇರಲಿಲ್ಲ. ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ ಒಂದನ್ನು ಕಟ್ಟಬೇಕೆಂಬ ಮಾತು 1970ರ ದಶಕದಿಂದ ನಡೆದಿತ್ತು. 2022ರ ಮೇ ತಿಂಗಳಲ್ಲಿ ಕಾಮಗಾರಿ ಶುರುವಾಯಿತು, ಡಿಸೆಂಬರ್ 17ರಂದು ಉದ್ಘಾಟನೆ ಮುಗಿಯಿತು. ದಡದಲ್ಲಿ ಕಟ್ಟಡ ಕಟ್ಟುವ ಬದಲು, ದ್ರವವನ್ನು ಮತ್ತೆ ಅನಿಲ ಮಾಡುವ ಯಂತ್ರಗಳಿರುವ ಹಡಗೊಂದನ್ನು ಬಾಡಿಗೆಗೆ ತಂದು ಕಟ್ಟಿ ನಿಲ್ಲಿಸಿದರು. ಲಿಥುವೇನಿಯದ ಕ್ಲೈಪೆಡಾ ಬಂದರು ಈ ಕೆಲಸವನ್ನು 2014ರಲ್ಲೇ ಮಾಡಿತ್ತು, ಆ ಹಡಗಿನ ಹೆಸರು ‘ಇಂಡಿಪೆಂಡೆನ್ಸ್’. ಚಿಕ್ಕ ದೇಶಗಳಿಗೆ ಭಯ ಬೇಗ ಅರ್ಥವಾಗುತ್ತದೆ.

ಎರಡು ಪ್ರಸಂಗಗಳನ್ನು ಹೇಳದೆ ಮುಂದೆ ಹೋಗಲಾರೆ. ಸ್ಪೇನಿನಲ್ಲಿ ಎಲ್‌ಎನ್‌ಜಿ ಟರ್ಮಿನಲ್‌ಗಳು ಧಾರಾಳ, ಒಕ್ಕೂಟದ ಸಾಮರ್ಥ್ಯದ ಮೂರನೇ ಒಂದು ಭಾಗದಷ್ಟು ಅಲ್ಲಿಯೇ ಇತ್ತು. 2022ರ ಅಕ್ಟೋಬರಿನಲ್ಲಿ ಕಾಡಿಜ್ ಕೊಲ್ಲಿಯ ಹೊರಗೆ ಅನಿಲ ತುಂಬಿದ ಹಡಗುಗಳು ಸರದಿಗಾಗಿ ಕಾದು ನಿಂತವು. ಇಳಿಸಿದರೆ ಸಾಗಿಸಲು ಪಿರೆನೀಸ್ ಪರ್ವತ ದಾಟಿ ಫ್ರಾನ್ಸಿಗೆ ಹೋಗುವ ಕೊಳವೆಗಳು ತೀರ ಸಣ್ಣವು. ಇನ್ನೊಂದು ಫ್ರಾನ್ಸಿನ ಕತೆ. ಮಿಥೇನ್‌ಗೆ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಗಂಧಕದ ಸಂಯುಕ್ತ ಬೆರೆಸುತ್ತಾರೆ. ಫ್ರಾನ್ಸಿನಲ್ಲಿ ಅದನ್ನು ದೊಡ್ಡ ಕೊಳವೆಯ ಮಟ್ಟದಲ್ಲೇ ಬೆರೆಸುತ್ತಾರೆ, ಜರ್ಮನಿಯಲ್ಲಿ ಊರಿನ ಹಂಚಿಕೆಯ ಮಟ್ಟದಲ್ಲಿ. ವಾಸನೆ ಬೆರೆತ ಫ್ರೆಂಚ್ ಅನಿಲ ಜರ್ಮನಿಯ ದೊಡ್ಡ ಕೊಳವೆಗೆ ಹೋಗುವಂತಿರಲಿಲ್ಲ. ತಾಂತ್ರಿಕ ಬದಲಾವಣೆ ಮಾಡಿ ಆ ಗಡಿಯಲ್ಲಿ ಅನಿಲ ಹಿಮ್ಮುಖವಾಗಿ ಹರಿದದ್ದು 2022ರ ಅಕ್ಟೋಬರಿನಲ್ಲಿ. ಅರ್ಧ ಶತಮಾನದಿಂದ ಒಂದೇ ಮಾರುಕಟ್ಟೆಯಲ್ಲಿರುವ ಎರಡು ಶ್ರೀಮಂತ ನೆರೆಯ ದೇಶಗಳ ನಡುವೆ ಇಷ್ಟೊಂದು ಸಣ್ಣ ಗೋಡೆ ಉಳಿದುಕೊಂಡಿತ್ತು ಎಂದರೆ ನಂಬುವುದು ಕಷ್ಟ.

ಆ ಚಳಿಗಾಲ ಸುಸೂತ್ರವಾಗಿ ಕಳೆಯಿತು. ಬಳಕೆಯನ್ನು ಶೇ. 15 ಇಳಿಸುವುದೆಂದು ನಿಶ್ಚಯಿಸಿದ್ದರು, ಅದಕ್ಕಿಂತ ಹೆಚ್ಚೇ ಇಳಿಯಿತು. ಜರ್ಮನಿಯ ಸರ್ಕಾರಿ ಕಚೇರಿಗಳಲ್ಲಿ ತಾಪಮಾನ 19 ಡಿಗ್ರಿಗೆ ನಿಂತಿತು. ಯುರೋಪಿನ ಹಲವು ಗೊಬ್ಬರ ಕಾರ್ಖಾನೆಗಳು ಉತ್ಪಾದನೆ ನಿಲ್ಲಿಸಿದವು. 2023ರ ಮಾರ್ಚ್ ಕೊನೆಗೂ ಸಂಗ್ರಹಾಗಾರಗಳು ಅರ್ಧಕ್ಕಿಂತ ಹೆಚ್ಚು ತುಂಬಿಯೇ ಇದ್ದವು. ಇದನ್ನು ಯೋಜನೆಯ ಗೆಲುವೆಂದು ಬರೆದವರಿದ್ದಾರೆ. ಅರ್ಧ ನಿಜ. ಹೊಸವರ್ಷದ ದಿನಗಳಲ್ಲಿ ಹವೆ ಬೆಚ್ಚಗಿತ್ತು. ಕೋವಿಡ್ ನಿರ್ಬಂಧಗಳಿಂದ 2022ರಲ್ಲಿ ಚೀನಾದ ಎಲ್‌ಎನ್‌ಜಿ ಆಮದು ಇಳಿದಿತ್ತು. ಉಳಿದದ್ದು ದುಡ್ಡಿನ ಬಲ, ಅದರ ಕತೆ ಏಷ್ಯಾದಲ್ಲಿದೆ.

2022ರ ಜುಲೈನಲ್ಲಿ ಪಾಕಿಸ್ತಾನ ಹತ್ತು ಹಡಗು ಎಲ್‌ಎನ್‌ಜಿಗಾಗಿ ಟೆಂಡರ್ ಕರೆಯಿತು. ಒಬ್ಬರೂ ಬಿಡ್ ಹಾಕಲಿಲ್ಲ. ಬಾಂಗ್ಲಾದೇಶ ಬಿಡಿ (ಸ್ಪಾಟ್) ಮಾರುಕಟ್ಟೆಯಲ್ಲಿ ಕೊಳ್ಳುವುದನ್ನೇ ನಿಲ್ಲಿಸಿ ಸರದಿಯಂತೆ ವಿದ್ಯುತ್ ಕಡಿತ ಶುರುಮಾಡಿತು. ನಮಗೂ ತಟ್ಟಿತು. ನಮ್ಮ ಗೇಲ್ ಸಂಸ್ಥೆ 2012ರಲ್ಲಿ ಗಾಜ್‌ಪ್ರೋಮ್‌ನ ಸಿಂಗಪುರ ಶಾಖೆಯೊಡನೆ 20 ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಆ ಶಾಖೆ ಗಾಜ್‌ಪ್ರೋಮ್‌ನ ಜರ್ಮನ್ ಕಂಪನಿಯ ಅಡಿಯಲ್ಲಿತ್ತು. 2022ರ ಏಪ್ರಿಲ್‌ನಲ್ಲಿ ಜರ್ಮನ್ ಸರ್ಕಾರ ಆ ಕಂಪನಿಯ ಆಡಳಿತ ವಹಿಸಿಕೊಂಡಿತು, ರಷ್ಯಾ ಅದೇ ಕಂಪನಿಯ ಮೇಲೆ ನಿರ್ಬಂಧ ಹೇರಿತು. ನಡುವೆ ಸಿಕ್ಕಿದ್ದು ಭಾರತಕ್ಕೆ ಬರಬೇಕಿದ್ದ ಹಡಗುಗಳು. ಗೇಲ್ ತನ್ನ ಗೊಬ್ಬರ ಮತ್ತು ಕೈಗಾರಿಕಾ ಗ್ರಾಹಕರಿಗೆ ಪೂರೈಕೆ ಕಡಿತ ಮಾಡಬೇಕಾಯಿತು. ಮಧ್ಯಸ್ಥಿಕೆಯಲ್ಲಿ ಸುಮಾರು 180 ಕೋಟಿ ಡಾಲರ್ ಕೇಳಿತು, 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು. ಬರ್ಲಿನ್ ಮತ್ತು ಮಾಸ್ಕೋ ನಡುವಿನ ಜಗಳದಲ್ಲಿ ಯಾವ ಪಾತ್ರವೂ ಇಲ್ಲದ ದೇಶ ತೆತ್ತ ಬೆಲೆ ಇದು.

ಅದೇ ಜನವರಿಯ ಇನ್ನೊಂದು ಘಟನೆ. ಉಕ್ರೇನಿನ ಮೂಲಕ ರಷ್ಯಾದ ಅನಿಲ ಸಾಗಿಸುವ ಒಪ್ಪಂದ 2024ರ ಕೊನೆಯ ದಿನಕ್ಕೆ ಮುಗಿಯಿತು. ಮಾಲ್ಡೋವ ದೇಶವನ್ನು ನಿಸ್ತರ್ ನದಿ ಎರಡು ಮಾಡುತ್ತದೆ. ಎಡದಂಡೆಯ ಟ್ರಾನ್ಸ್‌ನಿಸ್ಟ್ರಿಯ ರಷ್ಯಾದ ಬೆಂಬಲದಲ್ಲಿ ಪ್ರತ್ಯೇಕವಾಗಿ ನಡೆಯುವ ಪ್ರದೇಶ, ಅಲ್ಲಿಯವರೆಗೆ ದಶಕಗಳ ಕಾಲ ಅಲ್ಲಿಗೆ ರಷ್ಯಾದ ಅನಿಲ ಹೆಚ್ಚುಕಡಿಮೆ ಪುಕ್ಕಟೆಯಾಗಿ ಬರುತ್ತಿತ್ತು. ಹೊಸವರ್ಷದ ದಿನವೇ ಅಲ್ಲಿನ ಮನೆಗಳಿಗೆ ಬಿಸಿನೀರು, ಮನೆ ಬೆಚ್ಚಗಿಡುವ ಶಾಖ ನಿಂತವು. ಕಾರ್ಖಾನೆಗಳು ಮುಚ್ಚಿದವು, ಕುಚುರ್ಗಾನ್ ವಿದ್ಯುತ್ ಸ್ಥಾವರ ಕಲ್ಲಿದ್ದಲಿಗೆ ತಿರುಗಿತು, ಜನ ಸೌದೆ ಹುಡುಕಿದರು. ಬಲದಂಡೆಯಲ್ಲಿ ವಿದ್ಯುತ್ ದುಬಾರಿಯಾಯಿತು, ಆದರೆ ಮನೆಗಳು ತಣ್ಣಗಾಗಲಿಲ್ಲ. ಅವರು ರುಮೇನಿಯದ ಯಾಶ್‌ನಿಂದ ಒಂದು ಕೊಳವೆಯನ್ನು 2014ರಲ್ಲಿ ಗಡಿ ದಾಟಿಸಿ, ನಂತರ ರಾಜಧಾನಿ ಕಿಶಿನೌವರೆಗೆ ಎಳೆದುಕೊಂಡಿದ್ದರು. ಕಟ್ಟಿದಾಗ ಅದರಲ್ಲಿ ಹೇಳಿಕೊಳ್ಳುವಷ್ಟು ಅನಿಲ ಹರಿಯುತ್ತಿರಲಿಲ್ಲ. ದಂಡದ ಖರ್ಚು ಎಂದವರೇ ಹೆಚ್ಚು.

ಈಗ ನಮ್ಮ ಮನೆಗೆ ಬರೋಣ. ಕರ್ನಾಟಕಕ್ಕೆ ಅನಿಲ ಬರುವುದು ಮುಖ್ಯವಾಗಿ ಎರಡು ದಾರಿಯಿಂದ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ತುಮಕೂರು ಕಡೆಯಿಂದ ಬೆಂಗಳೂರಿಗೆ 2013ರಲ್ಲಿ ಬಂದ ಕೊಳವೆ ಒಂದು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಉದ್ದದ, 2021ರ ಜನವರಿ 5ರಂದು ಉದ್ಘಾಟನೆಯಾದ ಕೊಳವೆ ಇನ್ನೊಂದು. ದಾಭೋಲ್ ಟರ್ಮಿನಲ್‌ಗೆ ಅಲೆತಡೆ ಗೋಡೆ ಇಲ್ಲದೆ, ಬಹುಕಾಲ ಮಳೆಗಾಲದ ತಿಂಗಳುಗಳಲ್ಲಿ ಹಡಗು ತಾಗಲು ಆಗುತ್ತಿರಲಿಲ್ಲ. ಕೊಚ್ಚಿಯ ಟರ್ಮಿನಲ್ 2013ರಲ್ಲೇ ಸಿದ್ಧವಾದರೂ ಕೊಳವೆಗೆ ಜಾಗ ಸಿಗದೆ ವರ್ಷಗಟ್ಟಲೆ ಹತ್ತರಲ್ಲಿ ಒಂದು ಪಾಲೂ ದುಡಿಯಲಿಲ್ಲ. ಅಂದರೆ ನಮಗೂ ನಮ್ಮದೇ ಒಂದು ಚಳಿಗಾಲವಿತ್ತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಸ್ಪೇನಿನಂಥ ಟರ್ಮಿನಲ್ಲೂ ಇತ್ತು.

ಭಾರತ ಬಳಸುವ ಅನಿಲದ ಅರ್ಧದಷ್ಟು ಆಮದು. ಅದನ್ನು ಕೂಡಿಡಲು ಟರ್ಮಿನಲ್‌ಗಳ ತೊಟ್ಟಿಗಳಿವೆ, ಕೊಳವೆಯೊಳಗೆ ಇರುವಷ್ಟು ಇದೆ. ಭೂಗತ ಸಂಗ್ರಹಾಗಾರ ಇಲ್ಲ. ಉಡುಪಿ ಜಿಲ್ಲೆಯ ಪಾದೂರಿನ ಬಂಡೆಯೊಳಗೆ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಕೂಡಿಡುವ ಗುಹೆಗಳನ್ನು ಇದೇ ದೇಶ ಕೊರೆದಿದೆ. ತೈಲಕ್ಕೆ ಬಂದ ಬುದ್ಧಿ ಅನಿಲಕ್ಕೆ ಬಂದಿಲ್ಲ. ಅನಿಲ ಕೂಡಿಡಲು ಗಟ್ಟಿ ಬಂಡೆಗಿಂತ ಬರಿದಾದ ಹಳೆಯ ಅನಿಲ ಕ್ಷೇತ್ರಗಳು ಹೊಂದುತ್ತವೆ. ಅಂಥವು ಗುಜರಾತಿನಲ್ಲಿ, ಅಸ್ಸಾಮಿನಲ್ಲಿ ಇವೆ. ಖರ್ಚು ದೊಡ್ಡದು, ತಳದಲ್ಲಿ ಎಂದೂ ಮುಟ್ಟಬಾರದ ಅನಿಲವನ್ನು ಮೊದಲೇ ಕೊಂಡು ತುಂಬಬೇಕು, ಅದಕ್ಕೆ ಲಾಭ ತೋರಿಸಲಾಗದು. ಹಾಗಾಗಿಯೇ ಇದು ಕಂಪನಿಗಳ ಮೇಲೆ ಬಿಡುವ ಕೆಲಸವಲ್ಲ, ಸರ್ಕಾರ ಮಾಡಬೇಕಾದದ್ದು.

ಈ ಸಭೆಯಲ್ಲಿ ಎಂಜಿನಿಯರಿಂಗ್ ಓದುವವರಿದ್ದೀರಿ, ಪತ್ರಿಕೆಗೆ ಬರೆಯುವವರಿದ್ದೀರಿ, ಚುನಾವಣೆಗೆ ನಿಲ್ಲುವವರೂ ಒಬ್ಬಿಬ್ಬರು ಕಾಣುತ್ತಿದ್ದೀರಿ. ನಿಮ್ಮ ಬೀದಿಗೆ ಅನಿಲದ ಕೊಳವೆ ಬಂದಿತೆಂದು ಉದ್ಘಾಟನೆ ನಡೆದಾಗ ಎಷ್ಟು ಮನೆಗಳಿಗೆ ಸಂಪರ್ಕ ಎಂದು ಹೇಳುತ್ತಾರೆ. ಹಡಗು ಬಾರದಿದ್ದರೆ ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂದು ಅಲ್ಲೇ ಎದ್ದು ನಿಂತು ಕೇಳಿ.